ಶಾಲೆಗೆ ಬೀಗ ಹಾಕೋ ಮುಂಚೆ ಯಾರನ್ನ ಕೇಳಿದ್ರಿ?

ಬೆಂಗಳೂರಿನ ಸ್ಲಂ ಪಕ್ಕದ ಸರ್ಕಾರಿ ಶಾಲೆ "ವಿಲೀನ" ಅಂದ್ರೆ ನಮ್ಮೋರು ಸುಮ್ಮನಾಗ್ತಾರೆ. ನಾನೊಬ್ಬ ಗುಮಾಸ್ತ. ಇಂಥ ಪದಗಳನ್ನ ಟೈಪ್ ಮಾಡೋದೇ ನನ್ನ ಕೆಲಸ. ವಿಲೀನ ಅಂದ್ರೆ ಬೀಗ, ಅಷ್ಟೇ.

2009ರ ಶಿಕ್ಷಣ ಹಕ್ಕು ಕಾಯ್ದೆ ತೆಗೆದು ಓದಿ. ಖಾಸಗಿ ಶಾಲೆಯ ಮಾನ್ಯತೆ ರದ್ದು ಮಾಡಬೇಕಾದ್ರೆ 18ನೇ ಸೆಕ್ಷನ್ ಪ್ರಕಾರ ಆ ಶಾಲೆಯ ಅಹವಾಲು ಕೇಳಲೇಬೇಕು. ಮಕ್ಕಳು ಮುಂದೆ ಯಾವ ಶಾಲೆಗೆ ಹೋಗಬೇಕು ಅಂತ ಆದೇಶದಲ್ಲೇ ಬರೀಬೇಕು. ಸರ್ಕಾರಿ ಶಾಲೆ ಮುಚ್ಚೋಕೆ? ಅಂಥ ಒಂದು ಸಾಲೂ ಆ ಕಾಯ್ದೆಯಲ್ಲಿಲ್ಲ. ಉಳ್ಳವರ ಶಾಲೆಗೆ ವಿಚಾರಣೆ, ಕೂಲಿಯವರ ಮಗುವಿಗೆ ಬರೀ ಟಿ.ಸಿ.!

ಮಕ್ಕಳು ಕಡಿಮೆ ಅಂತಾರೆ. ಯಾಕೆ ಕಡಿಮೆಯಾದ್ರು? ಟೀಚರ್, ಕುಡಿಯೋ ನೀರು, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಎಲ್ಲ ಕಾಯ್ದೆಯ ಅನುಸೂಚಿಯಲ್ಲೇ ಇವೆ. ಅದನ್ನ ಕೊಡದೇ ಇದ್ದೋರೇ ಈಗ ತಲೆ ಎಣಿಸ್ತಾರೆ.

1 ಕಿ.ಮೀ. ಒಳಗೇ ಇನ್ನೊಂದು ಶಾಲೆ ಇದೆಯಲ್ಲ ಅಂತಾರೆ. ನಡುವೆ ರಿಂಗ್ ರೋಡ್ ಇದೆ ಸ್ವಾಮಿ! ಅವ್ವ ಬೆಳಗಾಗೋ ಮುಂಚೆ ಬೀದಿ ಗುಡಿಸೋಕೆ ಹೋಗಿರ್ತಾಳೆ. 6 ವರ್ಷದ ಮಗೂನ ರಸ್ತೆ ದಾಟಿಸೋರು ಯಾರು?

ಶಾಲೆ ಮುಚ್ಚೋ ಮುಂಚೆ ಪೋಷಕರ ಬಹಿರಂಗ ವಿಚಾರಣೆ ಮತ್ತು ಲಿಖಿತ ಕಾರಣ ಕಡ್ಡಾಯ ಆಗಬೇಕು. ಕಾಯ್ದೆಗೆ ತಿದ್ದುಪಡಿ ತನ್ನಿ. ಅಲ್ಲಿವರೆಗೆ 22ನೇ ಸೆಕ್ಷನ್ ನಮ್ಮ ಕೈಲಿದೆ. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸೋದು ಎಸ್‌ಡಿಎಂಸಿ, ಅದರಲ್ಲಿ ಮುಕ್ಕಾಲು ಪಾಲು ಪೋಷಕರೇ. ಸಭೆ ಕರೀರಿ. ಏನೇನು ಬೇಕೋ ಬರೆದು ಕೊಡಿ. ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.

ಜೈ ಭೀಮ್.