ಕೇಬಲ್ಲಿಗಲ್ಲ, ಟೇಪಿಗೆ ನಮಸ್ಕಾರ

ನಾನು ಜಾಝ್ ಕೇಳ್ತೀನಿ ಅಂತ ಗೊತ್ತಾದ ಕೂಡಲೇ ಜನ ಎರಡು ಪ್ರಶ್ನೆ ಕೇಳ್ತಾರೆ. ಒಂದು, "ಅದೇನ್ ಅರ್ಥ ಆಗುತ್ತಪ್ಪಾ ನಿಂಗೆ?" ಇನ್ನೊಂದು, ಸ್ವಲ್ಪ ತಿಳಿದವರದ್ದು: "ಯಾವ ಡ್ಯಾಕ್ ಇಟ್ಟಿದ್ದೀಯ?" ಮೊದಲನೆಯದಕ್ಕೆ ಉತ್ತರ ಸುಲಭ. ಅರ್ಥ ಮಾಡ್ಕೊಳ್ಳೋಕೆ ಏನೂ ಇಲ್ಲ, ಸುಮ್ಮನೆ ಕೂತು ಕೇಳಬೇಕು ಅಷ್ಟೆ. ಎರಡನೆಯದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟರೆ ಜಗಳ ಆಗುತ್ತೆ. ಅದಕ್ಕೇ ಇಷ್ಟುದ್ದ ಬರೀತಿದೀನಿ.

(ಡ್ಯಾಕ್ ಅಂದ್ರೇನು ಅಂತ ಗೊತ್ತಿಲ್ಲದವರಿಗೆ: ಫೈಲಿನಲ್ಲಿರುವ ಸೊನ್ನೆ-ಒಂದುಗಳನ್ನು ವಿದ್ಯುತ್ತಿನ ಅಲೆಯಾಗಿ ಮಾಡಿ ಸ್ಪೀಕರಿಗೋ ಹೆಡ್‌ಫೋನಿಗೋ ಕಳಿಸುವ ಚಿಪ್ಪು. ನಿಮ್ಮ ಫೋನಿನಲ್ಲೂ ಒಂದಿರುತ್ತೆ. ಅದನ್ನೇ ಬೇರೆ ಡಬ್ಬದಲ್ಲಿಟ್ಟು, ಐದಂಕಿ ಆರಂಕಿ ಬೆಲೆಗೆ ಮಾರುವವರೂ ಇದ್ದಾರೆ.)

ನಾನು ಹೇಳಬೇಕಂತಿರೋದು ಇಷ್ಟು. ಧ್ವನಿಯ ಗುಣಮಟ್ಟ ಅನ್ನೋದು ನಾವು ದುಡ್ಡು ಸುರೀತಾ ಇರೋ ತುದಿಯಲ್ಲಿ ಇಲ್ಲ. ಅದಿರೋದು ಆ ಕಡೆ ತುದಿಯಲ್ಲಿ: ನುಡಿಸಿದವರು, ನುಡಿಸಿದ ಕೋಣೆ, ಮೈಕು, ಟೇಪು ಮತ್ತು ಆ ಟೇಪನ್ನು ಜೋಪಾನವಾಗಿಟ್ಟ ಪುಣ್ಯಾತ್ಮರು. ಇದಕ್ಕೆ ಜಾಝ್‌ಗಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

ಜಾಝ್ ಕೇಳದವರೂ ಹೆಸರು ಕೇಳಿರುವ ಆಲ್ಬಮ್ಮು ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ'. 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಈ ಎರಡೇ ದಿನದಲ್ಲಿ ರೆಕಾರ್ಡ್ ಆದದ್ದು. ಜಾಗ ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೋ. ಅದು ಮೊದಲು ಚರ್ಚ್ ಆಗಿದ್ದ ಕಟ್ಟಡ, ಎತ್ತರದ ಮಾಡು. ರೆಕಾರ್ಡಿಂಗ್ ಆಗಿದ್ದು ಮೂರು ಟ್ರ್ಯಾಕಿನ ಟೇಪಿನಲ್ಲಿ. ಇವತ್ತು ಯಾವುದೇ ಲ್ಯಾಪ್‌ಟಾಪಿನಲ್ಲಿ ನೂರು ಟ್ರ್ಯಾಕ್ ತೆರೆಯಬಹುದು. ಅವತ್ತು ಏಳು ಜನ ದಿಗ್ಗಜರಿಗೆ ಮೂರೇ ಮೂರು.

ತಮಾಷೆ ಇರೋದು ಇನ್ನು ಮುಂದೆ. ಮಾರ್ಚ್ 2ರಂದು ಬಳಸಿದ ಟೇಪ್ ರೆಕಾರ್ಡರು ತುಸು ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ರೆಕಾರ್ಡ್ ಆದದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಏನಾಗುತ್ತೆ? ಸಂಗೀತ ತುಸು ಬೇಗ ಓಡುತ್ತೆ, ಶ್ರುತಿಯೂ ತುಸು ಮೇಲಕ್ಕೆ ಹೋಗುತ್ತೆ. ಹಾಗಾಗಿ ಎಲ್‌ಪಿಯ ಮೊದಲ ಬದಿಯ ಮೂರೂ ಹಾಡುಗಳು — 'ಸೋ ವಾಟ್', 'ಫ್ರೆಡ್ಡೀ ಫ್ರೀಲೋಡರ್', 'ಬ್ಲೂ ಇನ್ ಗ್ರೀನ್' — ತಪ್ಪು ಶ್ರುತಿಯಲ್ಲೇ ಮಾರಾಟವಾದವು. ಒಂದು ವರ್ಷ ಎರಡು ವರ್ಷ ಅಲ್ಲ, ಮೂವತ್ತು ವರ್ಷಕ್ಕೂ ಮಿಕ್ಕಿ! ಸರಿಪಡಿಸಿದ ಪ್ರತಿ ಬಂದದ್ದು 1992ರಲ್ಲಿ. ಅಷ್ಟೊತ್ತಿಗೆ ಜಗತ್ತು ಅದನ್ನು ಸಾರ್ವಕಾಲಿಕ ಶ್ರೇಷ್ಠ ಅಂತ ಒಪ್ಪಿಕೊಂಡು, ಲಕ್ಷಗಟ್ಟಲೆ ಪ್ರತಿ ಕೊಂಡು ಆಗಿತ್ತು. ಲಕ್ಷಗಟ್ಟಲೆ ಬೆಲೆಯ ಆಂಪ್ಲಿಫೈಯರಿನಲ್ಲಿ ಕೇಳಿದವರು ಕೇಳಿದ್ದೂ ಅದೇ ತಪ್ಪು ಶ್ರುತಿ, ಅಗ್ಗದ ಪ್ಲೇಯರಿನಲ್ಲಿ ಕೇಳಿದವರು ಕೇಳಿದ್ದೂ ಅದೇ. ಮೂಲದಲ್ಲೇ ವೇಗ ತಪ್ಪಿದ್ದರೆ ಯಾವ ಬೆಳ್ಳಿ ಕೇಬಲ್ಲೂ ಅದನ್ನು ಸರಿ ಮಾಡಲ್ಲ.

ಸರಿ ಮಾಡೋಕೆ ಸಾಧ್ಯವಾದದ್ದಾದರೂ ಹೇಗೆ? ಅವತ್ತು ಸ್ಟುಡಿಯೋದಲ್ಲಿ ಎರಡು ಟೇಪ್ ಯಂತ್ರಗಳು ಒಟ್ಟಿಗೆ ಓಡುತ್ತಿದ್ದವು. ಎರಡನೆಯದು ಸುರಕ್ಷತೆಗೆ ಅಂತ ಇಟ್ಟಿದ್ದು, ಅದರ ವೇಗ ಸರಿಯಾಗಿತ್ತು. ಆ ಟೇಪನ್ನು ಯಾರೂ ಬಿಸಾಡಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಬ್ಯಾಕಪ್ ಇತ್ತು, ರಿಸ್ಟೋರ್ ಆಯ್ತು :-)

ಈಗ ನಂಬರುಗಳ ವಿಷಯಕ್ಕೆ ಬರೋಣ. 1982ರಲ್ಲಿ ಬಂದ ಸಿಡಿ ಸೆಕೆಂಡಿಗೆ 44,100 ಸ್ಯಾಂಪಲ್ಲು ತಗೊಳ್ಳುತ್ತೆ, ಒಂದೊಂದಕ್ಕೂ 16 ಬಿಟ್ಟು. ಈಗ ಮಾರೋದು 24 ಬಿಟ್ಟು, 192 ಕಿಲೋಹರ್ಟ್ಸ್. ಜಾಹೀರಾತಿನಲ್ಲಿ ಒಂದು ಚಿತ್ರ ಇರುತ್ತೆ, ನೋಡಿರ್ತೀರಿ: ಸಿಡಿಯದ್ದು ಮೆಟ್ಟಿಲು ಮೆಟ್ಟಿಲಾದ ಅಲೆ, ಹೊಸದರದ್ದು ನುಣ್ಣನೆಯ ಅಲೆ. ಆ ಚಿತ್ರ ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತೆ. ಎಂಜಿನಿಯರಿಂಗ್ ಓದಿದವರು ಒಮ್ಮೆ ಸಿಗ್ನಲ್ಸ್ ಪೇಪರ್ ನೆನಪಿಸಿಕೊಳ್ಳಿ. ಯಾವ ಅಲೆಯನ್ನೇ ಆಗಲಿ, ಅದರಲ್ಲಿರುವ ಅತಿ ಹೆಚ್ಚಿನ ಕಂಪನಾಂಕದ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಸ್ಯಾಂಪಲ್ ಮಾಡಿದರೆ ಮೂಲ ಅಲೆಯನ್ನು ಪೂರ್ತಿಯಾಗಿ ವಾಪಸ್ ಪಡೆಯಬಹುದು. ಹೆಚ್ಚುಕಡಿಮೆ ಅಲ್ಲ, ಪೂರ್ತಿಯಾಗಿ. ಮನುಷ್ಯರ ಕಿವಿಗೆ ಕೇಳೋದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ, ವಯಸ್ಸಾದಂತೆ ಅದೂ ಇಳಿಯುತ್ತೆ. 44.1 ಅನ್ನೋ ಅಂಕಿ ಸುಮ್ಮನೆ ಬಂದದ್ದಲ್ಲ. ಡ್ಯಾಕಿನಿಂದ ಹೊರಗೆ ಬರುವ ಅಲೆಯಲ್ಲಿ ಮೆಟ್ಟಿಲೂ ಇರಲ್ಲ, ಏಣಿಯೂ ಇರಲ್ಲ.

ಬಿಟ್ಟುಗಳ ಕಥೆಯೂ ಅಷ್ಟೇ. 16 ಬಿಟ್ಟಿನಲ್ಲಿ ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿನ ಸದ್ದಿಗೂ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತೆ. 1959ರ ಟೇಪು ಅದರ ಹತ್ತಿರಕ್ಕೂ ಬರುವಂಥದ್ದಲ್ಲ, ಅದರಲ್ಲಿ 'ಸ್‌ಸ್‌ಸ್' ಅನ್ನೋ ಸದ್ದು ಸದಾ ಇದ್ದೇ ಇರುತ್ತೆ. ಆ ಟೇಪಿಗೆ 24 ಬಿಟ್ಟು ಕೊಟ್ಟರೆ ಸಿಗೋದು, ಅದೇ 'ಸ್‌ಸ್‌ಸ್' ಇನ್ನಷ್ಟು ನಿಖರವಾಗಿ! ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡುವಾಗ, ಮಿಕ್ಸ್ ಮಾಡುವಾಗ 24 ಬಿಟ್ಟು ನಿಜಕ್ಕೂ ಉಪಯೋಗ. ಕೇಳುವವನ ಕೈಗೆ ಬಂದಮೇಲೆ ಅದಕ್ಕೆ ಕೆಲಸ ಇಲ್ಲ.

"ಗಣಿತ ಬಿಡಯ್ಯಾ, ಕಿವಿ ಏನು ಹೇಳುತ್ತೆ?" ಅಂತೀರಾ? ಅದನ್ನೂ ಪರೀಕ್ಷೆ ಮಾಡಿದ್ದಾರೆ. 2007ರಲ್ಲಿ ಮೇಯರ್ ಮತ್ತು ಮೋರನ್ ಅನ್ನುವವರು ಹೆಚ್ಚಿನ ಗುಣಮಟ್ಟದ ಡಿಸ್ಕನ್ನು ಒಮ್ಮೆ ನೇರವಾಗಿ, ಒಮ್ಮೆ ಸಿಡಿ ಮಟ್ಟಕ್ಕೆ ಇಳಿಸಿ, ಯಾವುದು ಯಾವುದು ಅಂತ ಹೇಳದೆ ಕೇಳಿಸಿದರು. 554 ಸಲದಲ್ಲಿ ಸರಿ ಉತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರ್ತಿತ್ತು. ಎದುರು ಪಕ್ಷದ ಮಾತನ್ನೂ ಹೇಳಿಬಿಡ್ತೀನಿ. 2016ರಲ್ಲಿ ಜೋಶುವಾ ರೈಸ್ ಎಂಬ ಸಂಶೋಧಕರು 18 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಸರಿ ಉತ್ತರದ ಪ್ರಮಾಣ ಶೇಕಡಾ 52.3 ಬಂತು. ವ್ಯತ್ಯಾಸ ಇದೆ ಅಂತ ವಾದಿಸೋಕೆ ಅಷ್ಟು ಸಾಕು. ಆದರೆ ನಾನು ಇಎಂಐ ಕಟ್ಟೋಕೆ ಅಷ್ಟು ಸಾಲದು.

ಇನ್ನು "ಡಿಜಿಟಲ್ಲೇ ಬೇಡ, ವಿನೈಲ್‌ನ ಬಿಸುಪೇ ಬೇರೆ" ಅನ್ನುವವರು. ವಿನೈಲ್ ಬಗ್ಗೆ ನನಗೇನೂ ದ್ವೇಷ ಇಲ್ಲ, ದೊಡ್ಡ ಹೊದಿಕೆ ಕೈಯಲ್ಲಿ ಹಿಡಿದು ಓದುವ ಸುಖ ನನಗೂ ಗೊತ್ತು. ಆದರೆ 2022ರ ಜುಲೈನಲ್ಲಿ ಏನಾಯ್ತು ನೆನಪಿಸಿಕೊಳ್ಳಿ. ದುಬಾರಿ ಎಲ್‌ಪಿಗಳಿಗೆ ಹೆಸರಾದ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿ, ತನ್ನ ಎಷ್ಟೋ ಎಲ್‌ಪಿಗಳ ತಯಾರಿಕೆಯಲ್ಲಿ 2011ರಿಂದಲೂ ನಡುವೆ ಒಂದು ಡಿಜಿಟಲ್ ಹಂತ ಇತ್ತು ಅಂತ ಒಪ್ಪಿಕೊಂಡಿತು. ಅಲ್ಲಿಯವರೆಗೆ ಅವೇ ತಟ್ಟೆಗಳನ್ನು ಅಪ್ಪಟ ಅನಲಾಗ್ ಅಂತ ಹಾಡಿ ಹೊಗಳುತ್ತಿದ್ದ ಕಿವಿಗಳು ಹನ್ನೊಂದು ವರ್ಷ ಏನು ಮಾಡ್ತಿದ್ದವು? ಗ್ರಾಹಕರಿಗೆ ಹೇಳದೆ ಮುಚ್ಚಿಟ್ಟದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೊತ್ತಾಗುವವರೆಗೆ ಬಿಸುಪು ಇತ್ತು, ಗೊತ್ತಾದ ಮರುದಿನ ತಣ್ಣಗಾಯ್ತು ಅಂದರೆ, ಆ ಬಿಸುಪು ತಟ್ಟೆಯಲ್ಲಂತೂ ಇರಲಿಲ್ಲ.

ಹಾಗಾದರೆ ಕೇಳುವವನ ತುದಿಯಲ್ಲಿ ಏನೂ ವ್ಯತ್ಯಾಸ ಇಲ್ವಾ? ಇದೆ ಸ್ವಾಮಿ, ಖಂಡಿತಾ ಇದೆ. 'ಸೋ ವಾಟ್' ಹಾಡನ್ನೇ ತಗೊಳ್ಳಿ. ಅದರ ಮುಖ್ಯ ರಾಗವನ್ನು ನುಡಿಸೋದು ಟ್ರಂಪೆಟ್ಟಲ್ಲ, ಪಾಲ್ ಚೇಂಬರ್ಸ್‌ನ ಡಬಲ್ ಬೇಸ್. ಬೇಸ್ ಪ್ರಶ್ನೆ ಕೇಳುತ್ತೆ, ಉಳಿದವರು ಎರಡೇ ಸ್ವರದಲ್ಲಿ ಉತ್ತರ ಕೊಡ್ತಾರೆ. ಇದನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ ನೋಡಿ. ಡಬಲ್ ಬೇಸಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್, ಉಗುರಿನಷ್ಟಗಲದ ಸ್ಪೀಕರಿಗೆ ಅಷ್ಟು ಕೆಳಗಿನ ನಾದ ಹೊರಡಿಸುವ ತಾಕತ್ತೇ ಇಲ್ಲ. ಪ್ರಶ್ನೆ ಮಸುಕು, ಉತ್ತರ ಮಾತ್ರ ಜೋರು! ಇದು ನಿಜವಾದ ನಷ್ಟ. ಇದಕ್ಕೆ ಮದ್ದು 192 ಕಿಲೋಹರ್ಟ್ಸ್ ಅಲ್ಲ, ಒಂದು ಸಾಧಾರಣ ಒಳ್ಳೆಯ ಹೆಡ್‌ಫೋನು.

ಅದೇ ಹಾಡಿನಲ್ಲಿ ಮೈಲ್ಸ್‌ನ ಸೋಲೋ ಶುರುವಾಗುವಾಗ ಜಿಮ್ಮಿ ಕಾಬ್ ಸಿಂಬಲ್ಲಿಗೆ ಒಂದು ಏಟು ಕೊಡ್ತಾನೆ. ಆ ಏಟಿನ ಝೇಂಕಾರ ಗಾಳಿಯಲ್ಲಿ ನಿಧಾನಕ್ಕೆ ಕರಗುತ್ತೆ. ತೀರಾ ಕುಗ್ಗಿಸಿದ ಹಳೇ ಎಂಪಿ3ಯಲ್ಲಿ ಅದು ಮರಳು ಚೆಲ್ಲಿದ ಹಾಗೆ ಕೇಳುತ್ತೆ, ಇದೂ ನಿಜವಾದ ನಷ್ಟ. ಈಗ ಅದಕ್ಕೂ ಪರಿಹಾರ ಇದೆ: ಆಪಲ್ 2021ರಲ್ಲಿ, ಸ್ಪಾಟಿಫೈ 2025ರಲ್ಲಿ ಲಾಸ್‌ಲೆಸ್ ಶುರು ಮಾಡಿದವು. ಆದರೆ ಲಾಸ್‌ಲೆಸ್ ಆನ್ ಮಾಡಿ ಬ್ಲೂಟೂತಿನಲ್ಲಿ ಕೇಳೋದು, ಹಾಲು ಕಾಯಿಸಿ ಕೆನೆ ಕಟ್ಟಿಸಿ ಆಮೇಲೆ ಸೋಸಿ ಕುಡಿದ ಹಾಗೆ. ಬ್ಲೂಟೂತು ಸಾಮಾನ್ಯವಾಗಿ ಅದನ್ನು ಮತ್ತೆ ಕುಗ್ಗಿಸಿಯೇ ಕಳಿಸುತ್ತೆ.

ಬೆಂಗಳೂರಿಗೂ ಜಾಝಿಗೂ ಏನು ಸಂಬಂಧ ಅನ್ನುವವರು 'ಜ್ಯೋತಿ' ಆಲ್ಬಮ್ ಹುಡುಕಿ ಕೇಳಿ. ಜರ್ಮನಿಯ ಇಸಿಎಂ ಕಂಪನಿ 1983ರಲ್ಲಿ ತಂದದ್ದು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ನಮ್ಮ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್: ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ. ಹೊಸ ಹೆಡ್‌ಫೋನ್ ಕೈಗೆ ಸಿಕ್ಕರೆ ನಾನು ಮೊದಲು ಹಾಕೋದು ಇದನ್ನೇ. ಮೃದಂಗದ ನಾದ ಹೇಗಿರುತ್ತೆ ಅಂತ ನಮ್ಮ ಕಿವಿಗೆ ಚಿಕ್ಕಂದಿನಿಂದ ಗೊತ್ತು. ಎಡಮುಖದ 'ಗುಂ' ಅನ್ನೋ ನಾದ ಡಬ್ಬ ಬಡಿದ ಹಾಗೆ ಕೇಳಿದರೆ ಆ ಹೆಡ್‌ಫೋನು ವಾಪಸ್!

ಈಗ ನನಗೆ ಮುಖ್ಯ ಅನ್ನಿಸುವ ಮಾತು. ಜಾಝಿಗೂ ನಮ್ಮ ಕಛೇರಿಗೂ ಇರುವ ದೊಡ್ಡ ಸಾಮ್ಯ ಮನೋಧರ್ಮ. ಅವತ್ತು ಹುಟ್ಟಿದ್ದು ಅವತ್ತಿಗೇ. ಸಿನಿಮಾ ಹಾಡಾದರೆ ಸ್ವರಲಿಪಿ ಇಟ್ಟುಕೊಂಡು ಮತ್ತೆ ಹಾಡಿಸಬಹುದು. ಕೋಲ್ಟ್ರೇನ್ ಒಂದು ರಾತ್ರಿ ನುಡಿಸಿದ್ದನ್ನು ಕೋಲ್ಟ್ರೇನೇ ಮರುದಿನ ನುಡಿಸಲಾರ. ಅಂಥ ಸಂಗೀತಕ್ಕೆ ಟೇಪು ನಕಲಲ್ಲ, ಟೇಪೇ ಮೂಲ ಕೃತಿ.

ಆದರೂ ಟೇಪುಗಳ ಗತಿ ನೋಡಿ. 1957ರ ನವೆಂಬರ್ 29ರಂದು ಕಾರ್ನೆಗಿ ಹಾಲಿನಲ್ಲಿ ಥೆಲೋನಿಯಸ್ ಮಾಂಕ್ ಮತ್ತು ಕೋಲ್ಟ್ರೇನ್ ಒಟ್ಟಿಗೆ ನುಡಿಸಿದ್ದು ಯಾರಿಗೂ ಕೇಳಸಿಗದೆ ಸುಮಾರು ಐದು ದಶಕ ಸುಮ್ಮನೆ ಬಿದ್ದಿತ್ತು. 2005ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಹಳೇ ಟೇಪುಗಳನ್ನು ಡಿಜಿಟಲ್ ಮಾಡುತ್ತಿದ್ದಾಗ ಸಿಕ್ಕಿತು. ಕೋಲ್ಟ್ರೇನ್ 1963ರ ಮಾರ್ಚ್ 6ರಂದು ರೆಕಾರ್ಡ್ ಮಾಡಿದ ಒಂದು ಇಡೀ ಆಲ್ಬಮ್ಮಿನ ಮೂಲ ಟೇಪು ಕಂಪನಿಯ ಹತ್ತಿರ ಉಳಿದೇ ಇರಲಿಲ್ಲ. ಅವನು ಮನೆಗೆ ಒಯ್ದಿದ್ದ ಮೋನೋ ಟೇಪು ಮೊದಲ ಹೆಂಡತಿ ನೈಮಾಳ ಕುಟುಂಬದವರ ಹತ್ತಿರ ಇತ್ತು. ಅದರಿಂದ 2018ರಲ್ಲಿ ಆಲ್ಬಮ್ ಬಂತು. "ಸ್ಟೀರಿಯೋ ಯಾಕಿಲ್ಲ?" ಅಂತ ಜಗಳ ತೆಗೆದವರನ್ನು ನಾನಂತೂ ನೋಡಲಿಲ್ಲ.

ನಮ್ಮ ಸೋದರಮಾವ ರಾಮೋತ್ಸವದ ಕಛೇರಿಗಳಿಗೆ ಪುಟ್ಟ ಟೇಪ್‌ರೆಕಾರ್ಡರು ಹೊತ್ಕೊಂಡು ಹೋಗ್ತಿದ್ದರು. ಹೋದ ವರ್ಷ ಅವರ ನಲವತ್ತು ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸೋಕೆ ಕೂತೆ. ಹನ್ನೊಂದು ಆಗಲೇ ಬೂಷ್ಟು ಹಿಡಿದು, ಅಂಟಿಕೊಂಡು ಹೋಗಿಬಿಟ್ಟಿದ್ದವು. ಉಳಿದ ಇಪ್ಪತ್ತೊಂಬತ್ತರಲ್ಲಿ ಕೆಮ್ಮು, ಹಾರ್ನು, ಪಕ್ಕದವರು ತಾಳ ಹಾಕುವ ಸದ್ದು ಎಲ್ಲಾ ಇದೆ. ಆಡಿಯೋಫೈಲುಗಳ ಲೆಕ್ಕದಲ್ಲಿ ಅದು ಕಸ. ಮಾವ ಕಣ್ಣು ಮುಚ್ಚಿ ಕೇಳ್ತಾ "ಇಲ್ಲಿ ನೋಡು, ಇಲ್ಲಿ ನೋಡು" ಅಂದದ್ದು ಎಷ್ಟು ಕಿಲೋಹರ್ಟ್ಸ್ ಅಂತ ನಾನು ಹೇಳಲಾರೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಡಬ್ಬ ಇರಬಹುದು. ಕೆಲಸ ಕಷ್ಟದ್ದಲ್ಲ. ಓಡುವ ಸ್ಥಿತಿಯಲ್ಲಿರುವ ಒಂದು ಡೆಕ್, ಅದರ ಹೆಡ್ ಒರೆಸೋಕೆ ಐಸೋಪ್ರೊಪೈಲ್ ಆಲ್ಕೋಹಾಲ್, ಒಂದು ಕೇಬಲ್ (ಮಾಮೂಲಿ ಕೇಬಲ್ಲೇ!), ಆಡಾಸಿಟಿಯಂಥ ಬಿಟ್ಟಿ ಸಾಫ್ಟ್‌ವೇರ್. ಸದ್ದು ಸ್ವಚ್ಛ ಮಾಡುವ ಉತ್ಸಾಹದಲ್ಲಿ ಮೂಲ ಫೈಲನ್ನು ಮುಟ್ಟಬೇಡಿ, ಅದು ಹಾಗೇ ಇರಲಿ, ಸ್ವಚ್ಛ ಮಾಡೋದೆಲ್ಲ ಅದರ ಪ್ರತಿಯಲ್ಲಿ. ಮೂರು ಕಡೆ ಇಡಿ, ಅದರಲ್ಲಿ ಒಂದು ಬೇರೆ ಊರಿನಲ್ಲಿರಲಿ. ಹೊಸ ಡ್ಯಾಕ್ ಮುಂದಿನ ವರ್ಷವೂ ಸಿಗುತ್ತೆ, ಇನ್ನೂ ಕಮ್ಮಿ ಬೆಲೆಗೆ. ಕ್ಯಾಸೆಟ್ಟು ಮುಂದಿನ ಮಳೆಗಾಲ ಕಳೆದ ಮೇಲೆ ಓಡುತ್ತೋ ಇಲ್ವೋ ಹೇಳೋಕಾಗಲ್ಲ.

ಏನಂತೀರ? ಜಗಳಕ್ಕೆ ಬರೋರು ಬನ್ನಿ, ಕಾಫಿ ನನ್ನದು. ಆದರೆ ಬರುವಾಗ ಅಟ್ಟದ ಮೇಲಿನ ಆ ಡಬ್ಬಾನೂ ತನ್ನಿ.