ನಡೆಯುತ್ತಿದ್ದ ಊರು

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಪ್ರತಿ ಫೆಬ್ರವರಿಯಲ್ಲಿ ಲಂಬಾಣಿಗರು ದೂರದೂರದಿಂದ ಬಂದು ನೆರೆಯುತ್ತಾರೆ. 1739ರ ಫೆಬ್ರವರಿ 15ರಂದು ಸಂತ ಸೇವಾಲಾಲರು ಜನಿಸಿದ್ದು ಅಲ್ಲಿಯೇ ಎಂಬುದು ಅವರ ನಂಬುಗೆ.

ಆ ಕಾಲಕ್ಕೆ ತಾಂಡವೆಂದರೆ ಊರಲ್ಲ. ಎತ್ತುಗಳ ಬೆನ್ನಿನ ಮೇಲೆ ಉಪ್ಪು, ದವಸ ಹೇರಿಕೊಂಡು ಸಾಗುವ ಜನಸಮೂಹ. ಮುಂದೆ ನಾಯಕ, ಹಿಂದೆ ಹೆಂಗಸರು, ಮಕ್ಕಳು, ಸಂಸಾರವೆಲ್ಲ. ಕರಾವಳಿಯ ಉಪ್ಪು ಒಳನಾಡಿನ ಅಡುಗೆಮನೆಯನ್ನು ಸೇರುತ್ತಿದ್ದುದು ಹೀಗೆ. ಮೊಗಲರ ದಂಡಿಗೂ ಧಾನ್ಯ ಒದಗಿಸಿದವರು ಇವರೇ!

ಹತ್ತೊಂಬತ್ತನೆಯ ಶತಮಾನದಲ್ಲಿ ರಸ್ತೆ, ರೈಲು ಬಂದವು. ಹೇರೆತ್ತಿನ ಕೆಲಸ ಮುಗಿಯಿತು. ಕಸುಬು ಕಳೆದುಕೊಂಡು ಅಲೆಯುವವರನ್ನು ಪರಸರ್ಕಾರ ನಂಬೀತೆ? 1871ರಲ್ಲಿ ಮೊದಲಾದ ಅಪರಾಧಿ ಬುಡಕಟ್ಟುಗಳ ಕಾನೂನಿನ ಬಲೆಗೆ ಕೆಲವು ಪ್ರಾಂತಗಳ ಲಂಬಾಣಿಗರೂ ಬಿದ್ದರು. ಹುಟ್ಟಿದ ಕೂಸಿಗೂ ಕಳ್ಳನೆಂಬ ಹೆಸರು. ಸ್ವತಂತ್ರ ಭಾರತ ಆ ಕಾನೂನನ್ನು ಕಿತ್ತೊಗೆದದ್ದು 1952ರಲ್ಲಿ.

ಅಷ್ಟರಲ್ಲಿ ತಾಂಡ ನೆಲೆಯೂರಿತ್ತು. ಚನ್ನಗಿರಿ, ಹೊನ್ನಾಳಿ, ಜಗಳೂರು ಸೀಮೆಗಳಲ್ಲಿ ಹಳ್ಳಿಯಿಂದಾಚೆಗೆ ಇಂದು ಕಾಣುವ ತಾಂಡಗಳು ಹಾಗೆ ನಿಂತವು. ಕನ್ನಡಿ, ಕವಡೆ ಹೊಲಿದ ಅಲ್ಲಿನ ಹೆಂಗಸರ ಉಡುಗೆಯನ್ನು ಪೇಟೆಯವರು ಬೆರಗಿನಿಂದ ನೋಡುವುದುಂಟು. ಅದನ್ನು ಉಟ್ಟವರ ಪಾಡನ್ನು ಕೇಳುವವರು ವಿರಳ.

ಮಳೆಯನ್ನೇ ನೆಚ್ಚಿದ ತುಂಡು ಹೊಲ ವರುಷವಿಡೀ ಅನ್ನವಿಕ್ಕದು. ಸುಗ್ಗಿ ಮುಗಿದೊಡನೆ ಎಷ್ಟೋ ದಂಪತಿಗಳು ಕಬ್ಬು ಕಡಿಯಲು, ಕಾಫಿ ತೋಟದ ಕೂಲಿಗೆ ಹೊರಡುತ್ತಾರೆ. ಹಿಂದೆ ಮಕ್ಕಳೂ ಎತ್ತುಗಳ ಜೊತೆಗೆ ನಡೆಯುತ್ತಿದ್ದರು. ಈಗ ಶಾಲೆ ತಪ್ಪಬಾರದೆಂದು ಹಲವರು ಮಕ್ಕಳನ್ನು ಅಜ್ಜಿಯ ವಶಕ್ಕೊಪ್ಪಿಸಿ ಬಸ್ಸು ಹತ್ತುತ್ತಾರೆ.