ಜುಲಾಬಿನ ಆಯ್ಕೆ: ನಾಲಿಗೆಯನ್ನು ಕೇಳಬೇಕೋ, ಮೂತ್ರಪಿಂಡವನ್ನು ಕೇಳಬೇಕೋ?

ಯುಗಾದಿಯ ಊಟ, ದೀಪಾವಳಿಯ ಕಾರ್ಯಕ್ರಮ, ಮಕ್ಕಳ ನಾಟಕಗಳ ವರದಿ ಬರುವ ಈ ಪುಟಗಳಲ್ಲಿ ಜುಲಾಬಿನ ವಿಷಯ ಬರೆಯಹೊರಟಿದ್ದೇನೆ. ಓದುಗ ಮಹಾಶಯರು ಮೂಗು ಮುಚ್ಚಿಕೊಳ್ಳದೆ ಕ್ಷಮಿಸಬೇಕು. ನಮ್ಮ ಸದಸ್ಯರಲ್ಲಿ ಅನೇಕರು ಐವತ್ತು ದಾಟಿದ್ದಾರೆ. ದಾಟದವರ ಮನೆಗೆ ಊರಿನಿಂದ ತಂದೆ ತಾಯಿ, ಅತ್ತೆ ಮಾವ ಬಂದು ಕೆಲವು ವಾರ ಇದ್ದು ಹೋಗುತ್ತಾರೆ. ಸಂಘದ ಪಂಕ್ತಿಯೂಟದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಜೊತೆಗೆ ಈಗ ಕೊಲೊನೊಸ್ಕೋಪಿ ಎಂಬ ಮಾತೂ ಕೇಳಿಬರುತ್ತಿದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: "ನಿಮಗೆ ಯಾವುದು ಕೊಟ್ಟರು, ಜಗ್ಗುಗಟ್ಟಲೆ ಕುಡಿಯುವುದೋ, ಸಣ್ಣದೋ?" ಸಣ್ಣದು ಸಿಕ್ಕವರು ಪುಣ್ಯವಂತರು ಎಂಬುದು ಪಂಕ್ತಿಯ ಒಮ್ಮತದ ತೀರ್ಪು. ಈ ತೀರ್ಪು ಸರಿಯಲ್ಲ, ಕೆಲವರ ಮಟ್ಟಿಗೆ ಅಪಾಯಕಾರಿಯೂ ಹೌದು ಎಂಬುದು ನನ್ನ ವಾದ.

ನಾನು ವೈದ್ಯನಲ್ಲ. ಡಾಕ್ಟರ್ ಎಂದು ಕರೆಸಿಕೊಂಡೂ ಒಂದು ಗುಳಿಗೆಯನ್ನು ಬರೆದುಕೊಡುವ ಅಧಿಕಾರವಿಲ್ಲದ ಪಂಗಡಕ್ಕೆ ಸೇರಿದವನು. ನನ್ನದು ರಸಾಯನ ವಿಜ್ಞಾನ. ಆದರೆ ಕರುಳು ತೊಳೆಯುವ ಔಷಧಗಳ ವಿಷಯದಲ್ಲಿ ವೈದ್ಯಕ್ಕಿಂತ ರಸಾಯನವೇ ಮುಂದಾಗಿ ಮಾತನಾಡುತ್ತದೆ ಎಂದು ನನಗೆ ತೋರುವುದರಿಂದ ಈ ಧೈರ್ಯ.

ಪರೀಕ್ಷೆ ಬೇಕೇ ಎಂಬ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಲೇಷಿಯಾದ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿಯ 2012-2016ರ ವರದಿಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಗಂಡಸರಲ್ಲಿ ಮೊದಲನೆಯ ಸ್ಥಾನದಲ್ಲಿದೆ. ಹೆಂಗಸರಲ್ಲಿ ಸ್ತನದ ಕ್ಯಾನ್ಸರಿನ ನಂತರ ಎರಡನೆಯದು. ಐವತ್ತರಿಂದ ಎಪ್ಪತ್ತೈದು ವಯಸ್ಸಿನವರಿಗೆ ಸರ್ಕಾರದ ಕ್ಲಿನಿಕ್ ಕೆಸಿಹಾತನ್‌ಗಳಲ್ಲಿ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದು ನೋಡುವ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ರಕ್ತ ಕಂಡರೆ ಮುಂದಿನ ಹೆಜ್ಜೆ ಕೊಲೊನೊಸ್ಕೋಪಿ. ಕ್ಯಾಮರಾ ಕಟ್ಟಿದ ಕೊಳವೆ ಒಳಗೆ ಹೋಗಿ, ಪಾಲಿಪ್ ಎಂಬ ಸಣ್ಣ ಗಂಟು ಕಂಡರೆ ಅಲ್ಲಿಯೇ ಕತ್ತರಿಸಿ ತೆಗೆಯುತ್ತದೆ. ಮುಂದೆ ಕ್ಯಾನ್ಸರ್ ಆಗಬಹುದಾದದ್ದು ಗಂಟಿನ ಹಂತದಲ್ಲೇ ಮುಗಿಯುತ್ತದೆ. ಆದರೆ ಕ್ಯಾಮರಾ ಕೆಸರಿನೊಳಗೆ ನೋಡಲಾರದು. ಕರುಳು ಕೊಳಕಾಗಿದ್ದರೆ ಚಪ್ಪಟೆಯಾದ ಗಂಟು ಕಾಣದೆ ಹೋಗುತ್ತದೆ, ಅಥವಾ "ಇನ್ನೊಮ್ಮೆ ಬನ್ನಿ" ಎನ್ನುತ್ತಾರೆ. ಸರ್ಕಾರಿ ಆಸ್ಪತ್ರೆಯಾದರೆ ಮತ್ತೆ ಸರದಿ, ಖಾಸಗಿಯಾದರೆ ಮತ್ತೆ ರಿಂಗಿಟ್.

ಈಗ ಔಷಧಕ್ಕೆ ಬರೋಣ. ಮಾವಿನ ಉಪ್ಪಿನಕಾಯಿ ಹಾಕುವ ಮನೆಯಲ್ಲಿ ಬೆಳೆದವರಿಗೆ ಇದರ ಅರ್ಧ ರಸಾಯನ ಗೊತ್ತೇ ಇದೆ. ಹೆಚ್ಚಿದ ಹೋಳುಗಳಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಬಿಟ್ಟಿರುತ್ತದೆ. ಆ ನೀರನ್ನು ಯಾರೂ ಹೊಯ್ದದ್ದಲ್ಲ, ಹೋಳುಗಳಿಂದ ಉಪ್ಪು ಎಳೆದದ್ದು. ಸಣ್ಣ ಪ್ರಮಾಣದ ಜುಲಾಬುಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಕೆಲಸ ಮಾಡುವುದು. ಗಾಢವಾದ ಲವಣ ಕರುಳಿಗೆ ಇಳಿಯುತ್ತದೆ, ಸುತ್ತಲಿಂದ ನೀರನ್ನು ಎಳೆದುಕೊಳ್ಳುತ್ತದೆ, ಆ ನೀರು ಕರುಳನ್ನು ತೊಳೆಯುತ್ತದೆ. ಇಲ್ಲಿ ಮಾವಿನ ಹೋಳು ಯಾರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀಸೆಯಲ್ಲಿಲ್ಲದ ನೀರು ನಿಮ್ಮ ರಕ್ತದಿಂದಲೇ ಬರಬೇಕು. ನೀವು ಜೊತೆಜೊತೆಗೆ ಕುಡಿದು ತುಂಬಿಸದಿದ್ದರೆ ಆ ಸಾಲ ತೀರುವುದಿಲ್ಲ.

ದೊಡ್ಡ ಜಗ್ಗಿನ ಔಷಧದ ತತ್ವವೇ ಬೇರೆ. 1980ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಫೋರ್ಡ್‌ಟ್ರಾನ್ ಎಂಬ ವೈದ್ಯವಿಜ್ಞಾನಿಯೂ ಅವರ ಸಂಗಡಿಗರೂ ಪ್ರಕಟಿಸಿದ ದ್ರಾವಣ ಅದು. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಉದ್ದ ಸರಪಳಿಯ ಪದಾರ್ಥ ಅದರ ಜೀವಾಳ. ಎಥಿಲೀನ್ ಆಕ್ಸೈಡಿನ ಎಪ್ಪತ್ತು ಎಂಬತ್ತು ಕೊಂಡಿಗಳ ಸರಪಳಿ. ತಾಳೆ ಎಣ್ಣೆಯ ಕೊಬ್ಬಿನಾಮ್ಲಗಳ ಜೊತೆ ಇದನ್ನು ಸೇರಿಸಿ ನಾನಾ ಪದಾರ್ಥ ತಯಾರಿಸುವ ಈ ದೇಶದಲ್ಲಿ ನಮ್ಮಂಥವರಿಗೆ ಇದು ಹಳೆಯ ಪರಿಚಯ. ಮೇಣದ ಚೂರಿನಂತೆ ಕಾಣುತ್ತದೆ, ನೀರಿಗೆ ಹಾಕಿದರೆ ಸದ್ದಿಲ್ಲದೆ ಕರಗುತ್ತದೆ. ಇಷ್ಟು ದೊಡ್ಡ ಅಣುವನ್ನು ಕರುಳು ಹೀರಿಕೊಳ್ಳಲಾರದು, ಬ್ಯಾಕ್ಟೀರಿಯಾಗಳೂ ಮುರಿದು ತಿನ್ನಲಾರವು. ಲೀಟರಿಗೆ ಸುಮಾರು 60 ಗ್ರಾಂ ಇದು, ಜೊತೆಗೆ ರಕ್ತದ ಸಾರಕ್ಕೆ ಸರಿದೂಗುವಂತೆ ತೂಗಿ ಬೆರೆಸಿದ ಉಪ್ಪುಗಳು. ಹಾಗಾಗಿ ಈ ದ್ರಾವಣ ದೇಹದಿಂದ ನೀರನ್ನು ಎಳೆಯುವುದೂ ಇಲ್ಲ, ದೇಹಕ್ಕೆ ನೀರನ್ನು ಕೊಡುವುದೂ ಇಲ್ಲ. ಬಂದ ದಾರಿಯಲ್ಲಿ ತೊಳೆದುಕೊಂಡು ಹಾಗೆಯೇ ಹೊರಹೋಗುತ್ತದೆ. ಕುಡಿಯಬೇಕಾದ ಪ್ರಮಾಣ ದೊಡ್ಡದಾಗಿರುವುದು ತಯಾರಿಸಿದವರ ಕ್ರೌರ್ಯದಿಂದಲ್ಲ. ತೊಳೆಯುವ ನೀರನ್ನು ಔಷಧ ತಾನೇ ಹೊತ್ತು ತರುತ್ತದೆ, ಅಷ್ಟೆ.

ಬ್ಯಾಕ್ಟೀರಿಯಾಗಳ ಮಾತು ಬಂದದ್ದರಿಂದ ಒಂದು ಹಳೆಯ ಪ್ರಕರಣ. ಮ್ಯಾನಿಟಾಲ್ ಎಂಬ ಸಿಹಿಯಾದ ಪದಾರ್ಥವನ್ನು ಒಂದು ಕಾಲದಲ್ಲಿ ಇದೇ ಕೆಲಸಕ್ಕೆ ಕೊಡುತ್ತಿದ್ದರು, ಕುಡಿಯಲು ಸುಲಭ. ಕರುಳಿನ ಬ್ಯಾಕ್ಟೀರಿಯಾಗಳಿಗೂ ಅದು ಸಿಹಿಯೇ. ಅವು ಅದನ್ನು ಹುಳಿಬರಿಸಿ ಹೈಡ್ರೋಜನ್ ತಯಾರಿಸುತ್ತವೆ. ವಿದ್ಯುತ್ ತಂತಿಯ ಕುಣಿಕೆಯಿಂದ ಪಾಲಿಪ್ ಕತ್ತರಿಸುವಾಗ ಆ ಅನಿಲ ಸ್ಫೋಟಗೊಂಡು ರೋಗಿಯೊಬ್ಬ ತೀರಿಕೊಂಡ ಸಂಗತಿ ಫ್ರಾನ್ಸಿನ ವೈದ್ಯರಿಂದ 1979ರಲ್ಲಿ ವರದಿಯಾಯಿತು. ರುಚಿ ನೋಡಿ ಔಷಧ ಆರಿಸಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ನನ್ನ ಮುಖ್ಯ ಸಾಕ್ಷಿ ಮ್ಯಾನಿಟಾಲ್ ಅಲ್ಲ, ಸೋಡಿಯಂ ಫಾಸ್ಫೇಟ್. ಜನಪ್ರಿಯತೆಯಲ್ಲಿ ಇದನ್ನು ಮೀರಿಸುವ ಸಣ್ಣ ಸೀಸೆ ಇರಲಿಲ್ಲ. 45 ಮಿಲಿಲೀಟರು ಸಂಜೆಗೊಂದು, ಬೆಳಿಗ್ಗೆಗೊಂದು. ಒಂದೊಂದರಲ್ಲಿ ಎರಡು ಬಗೆಯ ಫಾಸ್ಫೇಟ್ ಲವಣಗಳು ಸೇರಿ ಸುಮಾರು 30 ಗ್ರಾಂ. ಅಮೆರಿಕದಲ್ಲಿ ವೈದ್ಯರ ಚೀಟಿಯೂ ಬೇಕಿರಲಿಲ್ಲ. 2005ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಮಾರ್ಕೊವಿಟ್ಸ್ ಮತ್ತು ಸಂಗಡಿಗರು 21 ರೋಗಿಗಳ ವಿವರ ಪ್ರಕಟಿಸಿದರು. ಮೊದಲು ಇವರ ಮೂತ್ರಪಿಂಡಗಳು ಹೆಚ್ಚುಕಡಿಮೆ ಸರಿಯಾಗಿಯೇ ಇದ್ದವು. ಈ ಜುಲಾಬು ಕುಡಿದ ಮೇಲೆ ಅವುಗಳಲ್ಲಿ ಕ್ಯಾಲ್ಸಿಯಂ ಫಾಸ್ಫೇಟಿನ ಹರಳುಗಳು ಕೂತು, ಹಾನಿ ಕಾಯಂ ಆಗಿ ಉಳಿಯಿತು. ನಾಲ್ವರಿಗೆ ಶಾಶ್ವತವಾಗಿ ಡಯಾಲಿಸಿಸ್ ಬೇಕಾಯಿತು. ಆ 21 ಜನರಲ್ಲಿ 16 ಮಂದಿಗೆ ರಕ್ತದೊತ್ತಡವಿತ್ತು. ಅವರಲ್ಲಿ 14 ಮಂದಿ ನುಂಗುತ್ತಿದ್ದದ್ದು "ಪ್ರಿಲ್" ಅಥವಾ "ಸಾರ್ಟಾನ್" ಎಂದು ಹೆಸರು ಮುಗಿಯುವ ಗುಳಿಗೆಗಳ ವರ್ಗದವು. ಎನಾಲಪ್ರಿಲ್, ಲೊಸಾರ್ಟಾನ್, ಟೆಲ್ಮಿಸಾರ್ಟಾನ್. ನಮ್ಮ ಎಷ್ಟು ಮನೆಗಳ ಊಟದ ಮೇಜಿನ ಮೇಲೆ ಈ ಗುಳಿಗೆಗಳಿವೆ ಎಂದು ಓದುಗರೇ ಲೆಕ್ಕ ಹಾಕಲಿ. 2008ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು, ಚೀಟಿಯಿಲ್ಲದೆ ಸಿಗುತ್ತಿದ್ದ ಆ ಸೀಸೆ ಅಲ್ಲಿನ ಅಂಗಡಿಗಳಿಂದ ಇಳಿಯಿತು. ಯುರೋಪಿನ ಎಂಡೋಸ್ಕೋಪಿ ತಜ್ಞರ ಸಂಘ 2019ರ ತನ್ನ ಮಾರ್ಗಸೂಚಿಯಲ್ಲಿ ಇದನ್ನು ವಾಡಿಕೆಯಾಗಿ ಕೊಡಬಾರದು ಎಂದಿದೆ. ಇಂಥ ಹಾನಿ ಅಪರೂಪವೆಂಬುದು ನಿಜ. ಆದರೆ ಬೇರೆ ಒಳ್ಳೆಯ ದಾರಿ ಇರುವಾಗ ಆ ಅಪರೂಪದವರ ಪಟ್ಟಿಗೆ ನಮ್ಮ ತಾಯಿಯ ಹೆಸರನ್ನು ಏಕೆ ಸೇರಿಸಬೇಕು?

ಈಗ ಸಣ್ಣ ಪ್ರಮಾಣದಲ್ಲಿ ಸಾಮಾನ್ಯವಾಗಿ ಕೊಡುವುದು ಪಿಕೋಸಲ್ಫೇಟ್ ಮತ್ತು ಮೆಗ್ನೀಷಿಯಂ ಸಿಟ್ರೇಟಿನ ಪೊಟ್ಟಣ. ನೀರಿಗೆ ಹಾಕಿದರೆ ಲೋಟ ಬೆಚ್ಚಗಾಗುತ್ತದೆ. ಹೆದರಬೇಡಿ, ಮೆಗ್ನೀಷಿಯಂ ಆಕ್ಸೈಡೂ ಸಿಟ್ರಿಕ್ ಆಮ್ಲವೂ ಸೇರುವಾಗ ಶಾಖ ಹೊರಡುವುದು ಸಹಜ. ಆರಿಸಿ ಕುಡಿಯಿರಿ. ಆರೋಗ್ಯವಂತರಿಗೆ ಇದು ಒಳ್ಳೆಯ ಔಷಧವೇ. ಮೂತ್ರಪಿಂಡ ಸೋತವರಲ್ಲಿ ಮಾತ್ರ ಮೆಗ್ನೀಷಿಯಂ ರಕ್ತದಲ್ಲೇ ಉಳಿಯುತ್ತದೆ. ಇನ್ನೊಂದು, ಇದರ ಜೊತೆ ಬರೀ ನೀರನ್ನು ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ವಯಸ್ಸಾದವರಿಗೆ ಮಂಕು ಕವಿಯಬಹುದು, ಫಿಟ್ಸ್ ಕೂಡ ಬರಬಹುದು. ಉಪ್ಪಿನಂಶವಿರುವ ತಿಳಿ ಪಾನೀಯಗಳೂ ಬೇಕು. ಸೋಸಿದ ತಿಳಿಸಾರು ಇದಕ್ಕೆ ಬಲು ಯೋಗ್ಯ ಎಂದು ನಾನು ಅಭಿಮಾನದಿಂದ ಹೇಳಬಲ್ಲೆ.

ಹಾಗೆಂದು ಎಲ್ಲರಿಗೂ ನಾಲ್ಕು ಲೀಟರು ಹೊಯ್ಯಿರಿ ಎಂಬ ಪಕ್ಷವೂ ನನ್ನದಲ್ಲ. ನಲವತ್ತು ಕಿಲೋ ತೂಕದ ಅಜ್ಜಿಗೆ ನಾಲ್ಕು ಲೀಟರು ಕುಡಿಸಿದರೆ ಎರಡು ಲೀಟರು ವಾಂತಿಯಾಗಿ ಹೋಗುತ್ತದೆ. ಕುಡಿಯದ ಔಷಧ ಎಷ್ಟು ಶ್ರೇಷ್ಠವಾದರೇನು? ವಿಟಮಿನ್ ಸಿ ಸೇರಿಸಿ ಎರಡು ಲೀಟರಿಗೆ ಇಳಿಸಿದ ಬಗೆಯೂ ಇದೆ. ಹೀರಿಕೊಳ್ಳಲಾಗದೆ ಉಳಿದ ವಿಟಮಿನ್ ಅಲ್ಲಿ ನೀರು ಹಿಡಿಯುವ ಕೆಲಸ ಮಾಡುತ್ತದೆ. ಆದರೆ ಜಿ-ಸಿಕ್ಸ್-ಪಿ-ಡಿ ಕೊರತೆ ಇರುವವರಿಗೆ ಅದು ಕೂಡದು, ಕೆಂಪು ರಕ್ತಕಣಗಳು ಒಡೆಯಬಹುದು. ಮಲೇಷಿಯಾದಲ್ಲಿ ಹುಟ್ಟಿದ ಮಕ್ಕಳಿಗೆ ಈ ಕೊರತೆಯ ಪರೀಕ್ಷೆ ಹುಟ್ಟಿದಾಗಲೇ ಆಗುತ್ತದೆ. ಊರಿನಲ್ಲಿ ಹುಟ್ಟಿದ ನಮ್ಮಲ್ಲಿ ಬಹುಮಂದಿಗೆ ಅದರ ಹೆಸರೂ ಗೊತ್ತಿರುವುದಿಲ್ಲ.

"ಇದೆಲ್ಲ ಡಾಕ್ಟರಿಗೆ ಗೊತ್ತಿರುತ್ತದೆ, ನಾವೇಕೆ ತಲೆ ಹಾಕಬೇಕು?" ಎನ್ನುವ ಹಿರಿಯರಿದ್ದಾರೆ. ಔಷಧದ ವಿಷಯ ಡಾಕ್ಟರಿಗೆ ಖಂಡಿತ ಗೊತ್ತು. ನಿಮ್ಮ ಡಬ್ಬಿಯೊಳಗಿನದು ಗೊತ್ತಿಲ್ಲ. ಬೆಂಗಳೂರಿನಿಂದ ಮೂರು ತಿಂಗಳಿಗಾಗುವಷ್ಟು ಕಟ್ಟಿಕೊಂಡು ಬಂದ ಗುಳಿಗೆಗಳ ವ್ಯಾಪಾರದ ಹೆಸರು ಕ್ವಾಲಾಲಂಪುರದ ವೈದ್ಯರಿಗೆ ಅಪರಿಚಿತ. "ಬಿ.ಪಿ. ಮಾತ್ರೆ, ಬಿಳಿದು, ಸಣ್ಣದು" ಎಂದರೆ ಅವರು ಏನು ಮಾಡಬೇಕು? ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧದ ಹೆಸರನ್ನು ಒಂದು ಕಾಗದದಲ್ಲಿ ಬರೆದು ಕೊಡಬೇಕು. ರಕ್ತ ತೆಳುಮಾಡುವ ಮಾತ್ರೆ, ನೀರು ಹೋಗುವ ಮಾತ್ರೆ, ಸಕ್ಕರೆಯ ಮಾತ್ರೆ, ಇನ್ಸುಲಿನ್, ಎಲ್ಲವನ್ನೂ. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥವು ತೆಗೆದುಕೊಳ್ಳುವವರು ಅದನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಎಷ್ಟು ದಿನ ಎಂದು ವೈದ್ಯರನ್ನೇ ಕೇಳಬೇಕು. ಕಬ್ಬಿಣದ ಮಾತ್ರೆ ಕರುಳನ್ನು ಕಪ್ಪಾಗಿಸಿ ನೋಟವನ್ನು ಮರೆಮಾಡುವುದರಿಂದ ಅದನ್ನು ಸುಮಾರು ಒಂದು ವಾರ ಮುಂಚೆ ಬಿಡಿಸುತ್ತಾರೆ. ಮೂತ್ರಪಿಂಡದ ರಕ್ತಪರೀಕ್ಷೆ ಇತ್ತೀಚೆಗೆ ಆಗಿಲ್ಲವಾದರೆ ಜುಲಾಬಿನ ಪೊಟ್ಟಣ ಕೈಗೆ ಬರುವ ಮೊದಲೇ ಅದು ಆಗಬೇಕೆಂದು ಕೇಳಲು ಸಂಕೋಚ ಬೇಡ. ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಿಸುವುದಿಲ್ಲ.

ಆಯ್ಕೆ ಸರಿಯಾದರೂ ಹೊತ್ತು ತಪ್ಪಿದರೆ ಕೆಲಸ ಕೆಡುತ್ತದೆ. ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಯ ದಿನ ನಾಲ್ಕೈದು ಗಂಟೆ ಮುಂಚೆ ಎಂಬುದು ಇಂದಿನ ಕ್ರಮ. ಎಲ್ಲವನ್ನೂ ಸಂಜೆಯೇ ಕುಡಿದು ಮುಗಿಸಿ ಮಲಗಿದರೆ ಇರುಳಿಡೀ ಸಣ್ಣ ಕರುಳಿನಿಂದ ಪಿತ್ತರಸ ಇಳಿದು ದೊಡ್ಡ ಕರುಳಿನ ಬಲಭಾಗಕ್ಕೆ ಮತ್ತೆ ಬಳಿದುಕೊಳ್ಳುತ್ತದೆ. ಬೆಳಗಿನ ಎಂಟು ಗಂಟೆಯ ಪರೀಕ್ಷೆಗೆ ನಸುಕಿನ ಮೂರಕ್ಕೆ ಏಳಬೇಕು, ನಿಜ. ಏಕಾದಶಿಯ ನಿರಶನ, ಧನುರ್ಮಾಸದ ಮುಂಜಾವಿನ ಸ್ನಾನ ಮಾಡಿದ ಜನಕ್ಕೆ ಇದೇನು ಮಹಾ!

ಊಟದ ವಿಷಯದಲ್ಲಿ ಆಸ್ಪತ್ರೆಯ ಕಾಗದ ನಮ್ಮ ಅಡಿಗೆಮನೆಯನ್ನು ಕಂಡದ್ದಲ್ಲ. ಮಲಯ, ಇಂಗ್ಲಿಷ್ ಭಾಷೆಗಳಲ್ಲಿರುವ ಅದು ತವುಡಿನ ಬ್ರೆಡ್ಡು, ಜೋಳ, ಕಾಂಕುಂಗ್ ಸೊಪ್ಪು ಬೇಡ ಎನ್ನುತ್ತದೆ. ರಾಗಿಮುದ್ದೆ ಬೇಡ ಎನ್ನುವುದಿಲ್ಲ. ಬೇಡದ್ದು ನಾರು ಮತ್ತು ಬೀಜ. ಎರಡು ಮೂರು ದಿನ ಮುದ್ದೆ, ಹುರುಳಿ, ಸೊಪ್ಪಿನ ಹುಳಿ, ನುಗ್ಗೆ, ಬದನೆ ಬಿಡಿ. ಟೊಮೇಟೊ ಬೀಜ, ಎಳ್ಳು, ಒಗ್ಗರಣೆಯ ಸಾಸಿವೆ ಕೊಳವೆಯ ಹೀರುವ ಕಂಡಿಯನ್ನು ಕಟ್ಟಿಬಿಡುತ್ತವೆ. ಸೀಬೆ, ಡ್ರಾಗನ್ ಹಣ್ಣು ಸುತರಾಂ ಕೂಡದು. ಬಿಳಿ ಅನ್ನ, ಇಡ್ಲಿ, ಸ್ವಲ್ಪ ಮಜ್ಜಿಗೆ ಸಾಕು. ಜುಲಾಬು ಶುರುವಾದ ಮೇಲೆ ಆಚೆ ಬದಿ ಕಾಣುವಂಥ ಪಾನೀಯ ಮಾತ್ರ: ಹಾಲಿಲ್ಲದ ಕೋಪಿ-ಓ ಆಗಬಹುದು, ತೆ ತಾರಿಕ್ ಆಗದು, ಮೈಲೋ ಆಗದು, ರೋಸ್ ಸಿರಪ್ಪಿನ ಕೆಂಪು ರಕ್ತವೆಂದು ಭ್ರಮೆ ಹುಟ್ಟಿಸುವುದರಿಂದ ಅದೂ ಬೇಡ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ತೊಂದರೆಯವರು ಕೇಳಿಯೇ ಕುಡಿಯಬೇಕು.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನ ಸಲಹೆ ಒಂದೇ. ಇದನ್ನೆಲ್ಲ ಒಂದೇ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ತರಬೇಕು. ಒಂದು ಬದಿಯಲ್ಲಿ ಹಿರಿಯರು ಓದಿಕೊಳ್ಳುವ ಊಟ, ಹೊತ್ತುಗಳ ವಿವರ; ಇನ್ನೊಂದು ಬದಿಯಲ್ಲಿ ಡಾಕ್ಟರಿಗೆ ತೋರಿಸಲು ಇಂಗ್ಲಿಷಿನಲ್ಲಿ ತುಂಬುವ ಖಾಲಿ ಸಾಲುಗಳು: ನುಂಗುವ ಔಷಧಗಳ ಮೂಲ ಹೆಸರು, ಮೂತ್ರಪಿಂಡದ ಕೊನೆಯ ಪರೀಕ್ಷೆಯ ದಿನ, ಹೃದಯದ ತೊಂದರೆ ಇದೆಯೇ ಇಲ್ಲವೇ. ಕರಡನ್ನು ನಾನು ಬರೆದುಕೊಡುತ್ತೇನೆ. ಆದರೆ ವೈದ್ಯರಾಗಿರುವ ಸದಸ್ಯರು ಅದನ್ನು ಓದಿ, ಕೆಂಪು ಶಾಯಿಯಲ್ಲಿ ಧಾರಾಳವಾಗಿ ತಿದ್ದಿದ ಹೊರತು ಅಚ್ಚಿಗೆ ಹೋಗಕೂಡದು. ಮುಂದಿನ ಸಂಚಿಕೆಯೊಳಗೆ ಮಡಿಸಿಟ್ಟು ಕಳುಹಿಸಿದರೆ ಅಂಚೆಯ ಖರ್ಚೂ ಬೇರೆ ಬೀಳದು.